ಬೇಲಿ ದಾಟಿದ ಕ್ಯಾಸೆಟ್ಟು

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅವರ ಸ್ವತ್ತು ಹೋಗಿದ್ದರೆ ಆಗ ಗೊತ್ತಾಗುತ್ತಿತ್ತು. ನನ್ನ ಸ್ವತ್ತು ಹೋದದ್ದು ಹೇಗೆಂದರೆ, ಅದು ಇಂದಿಗೂ ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲೇ ಇದೆ, ಬೀಗದ ಕೈ ನನ್ನ ಸೊಂಟದಲ್ಲೇ ಇದೆ, ಆದರೂ ಹೋಗಿದೆ. ‘ಸೇವಂತಿಗೆ ಬೀದಿ’ ಎಂಬ ಆ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದರೆ ಚಕ್ರಗಳು ತಿರುಗುತ್ತವೆ, ನನಗೆ ಏನೂ ಕೇಳಿಸುವುದಿಲ್ಲ. ಅಂದರೆ ಅದನ್ನು ನನಗಿಂತ ಹೆಚ್ಚು ಪ್ರೀತಿಸುವವರು ಈ ಊರಿನಲ್ಲಿ ಇನ್ನೊಬ್ಬರಿದ್ದಾರೆ ಎಂದರ್ಥ.

ನಮ್ಮ ಊರಿನಲ್ಲಿ ಹಾಗೆ. ಯಂತ್ರದಿಂದ ಬರುವ ಹಾಡು ಒಬ್ಬರಿಗೇ ಕೇಳಿಸುವುದು, ಅದನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರಿಗೆ. ಉಳಿದವರ ಪಾಲಿಗೆ ರೇಡಿಯೋ ಬರೀ ಡಬ್ಬ. ಕೇಳದೆಯೇ ಮೆಚ್ಚುವುದು ಹೇಗೆ ಎಂದು ಪರವೂರಿನವರು ಮೂಗು ಮುರಿಯುತ್ತಾರೆ. ಮುಖವನ್ನೂ ಸರಿಯಾಗಿ ನೋಡದೆ ಗಂಡನನ್ನು ಮೆಚ್ಚಿಕೊಂಡು ಬಂದವರು ನಾವು, ಹಾಡು ಯಾವ ಲೆಕ್ಕ? ಮನುಷ್ಯರು ಬಾಯಿಬಿಟ್ಟು ಹಾಡಿದರೆ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಇಲ್ಲಿ ಯಾರೂ ಹಾಡುವುದಿಲ್ಲ. ತನ್ನ ಹಾಡನ್ನು ಗುನುಗಿ ಇನ್ನೊಬ್ಬರ ಕಿವಿಗೆ ಹಾಕಿದರೆ, ಅವರು ಅದನ್ನು ಹೆಚ್ಚು ಮೆಚ್ಚಿಬಿಟ್ಟರೆ ಏನು ಗತಿ? “ಗುನುಗಬೇಡ ಕಣೇ, ಹಾಡು ಬೇಲಿ ಹಾರ್ತದೆ” ಎಂದು ನಮ್ಮಮ್ಮ ನನ್ನ ತಲೆಗೆ ಮೊಟಕುತ್ತಿದ್ದಳು. ಹಾಗಂತ ನಾವು ಮದುವೆ ಮುಂಜಿಗಳನ್ನು ಸುಮ್ಮನೆ ಮಾಡುವವರಲ್ಲ. ಕ್ಯಾಸೆಟ್ಟು ಹಾಕುತ್ತೇವೆ, ಯಾರಿಗೆ ಕೇಳಿಸುತ್ತದೋ ಅವರು ಮುಂದೆ ಬಂದು ಮಣೆಯ ಮೇಲೆ ತಾಳ ಹಾಕಬೇಕು. ಉಳಿದವರೆಲ್ಲ ಆ ತಾಳ ಹಿಡಿದು ತಲೆದೂಗುತ್ತಾರೆ. ತಾಳ ಹಾಕುವವರಿಗೆ ಮೊದಲ ತಾಂಬೂಲ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು “ಹುಡುಗಿಗೆ ಎಷ್ಟು ಹಾಡು?” ಎಂದು ಕೇಳುತ್ತಾರೆ.

ನನಗೆ ಇಡೀ ಕ್ಯಾಸೆಟ್ಟಿತ್ತು! ಅದು ಸಣ್ಣ ಮಾತಲ್ಲ. ಒಬ್ಬೊಬ್ಬರಿಗೆ ಒಂದು ಹಾಡು, ಪುಣ್ಯವಿದ್ದರೆ ಎರಡು. ಎರಡೂ ಬದಿ ಪೂರ್ತಿ ಒಬ್ಬಳದೇ ಆದದ್ದನ್ನು ಹಿರಿಯರೂ ಕಂಡಿರಲಿಲ್ಲ. ನಾನಾಗ ಹೈಸ್ಕೂಲು ಮುಗಿಸುವುದರಲ್ಲಿದ್ದೆ. ಹೊಸ ಕ್ಯಾಸೆಟ್ಟು ಬಂದ ದಿನ ರವೂಫ್ ಸಾಹೇಬರು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ಜನರನ್ನು ಕೂರಿಸಿ ಒಂದೊಂದನ್ನೇ ಹಾಕುತ್ತಿದ್ದರು, ಕೇಳಿಸಿದವರು ಕೈ ಎತ್ತಬೇಕು. ‘ಸೇವಂತಿಗೆ ಬೀದಿ’ಯ ಡಬ್ಬಿಯ ಮೇಲಿನ ಚಿತ್ರ ಕಂಡಾಗಲೇ ನನಗೆ ಏನೋ ಆಗಿತ್ತು. ಒಂದು ಬೀದಿ ದೀಪ, ಎರಡು ಕಡೆ ಹಳದಿ ಸೇವಂತಿಗೆ, ಬೆನ್ನು ತಿರುಗಿಸಿ ಹೋಗುತ್ತಿರುವ ಒಬ್ಬಳು ಹೆಂಗಸು. ತಬಲದ ಮೊದಲ ಪೆಟ್ಟು ಬಿದ್ದಾಗ ನಾನು ಕೈ ಎತ್ತಿದೆ. ಎರಡನೇ ಹಾಡಿಗೂ ಎತ್ತಿದೆ, ಮೂರನೆಯದಕ್ಕೂ ಎತ್ತಿದೆ. ಸಾಹೇಬರು ಕನ್ನಡಕ ತೆಗೆದು ನೋಡಿದರು. “ಕೈ ಇಳಿಸ್ಬೇಡಮ್ಮ, ಹಂಗೇ ಇಟ್ಕೋ” ಎಂದರು. ನನ್ನ ಪಕ್ಕದಲ್ಲೇ ಕುಳಿತಿದ್ದ ಅನಸೂಯಳ ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು. ಅವಳು ಆಗಲೂ ನಮ್ಮ ಪಕ್ಕದ ಮನೆ, ಈಗಲೂ ಪಕ್ಕದ ಮನೆ. ನನ್ನ ಹಣೆಬರಹ. ಅವಳ ಪಾಲಿಗಿದ್ದದ್ದು ಸೋಪಿನ ಜಾಹೀರಾತಿನ ಹಾಡೊಂದು.

ಆ ದಿನಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಸ್ಕೂಲಿನಿಂದ ಬಂದವಳೇ ಅಕ್ಕಿ ಮೂಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಟೇಪು ಸಡಿಲವಾದರೆ ಪೆನ್ಸಿಲು ತೂರಿಸಿ ಸುತ್ತುತ್ತಿದ್ದೆ. ಎರಡನೇ ಹಾಡಿನ ಕೊನೆಯಲ್ಲಿ ಗಾಯಕಿ ಉಸಿರು ಎಳೆದುಕೊಳ್ಳುವುದು, ಮೂರನೆಯದರಲ್ಲಿ ಯಾರೋ ಕುಳಿತಿದ್ದ ಕುರ್ಚಿ ಕಿರ್ ಎನ್ನುವುದು, ಎಲ್ಲ ನನ್ನದೇ ಮನೆಯ ಸದ್ದಾಗಿದ್ದವು. ನಾಲ್ಕನೆಯದೇ ನನ್ನ ಪ್ರಾಣ. “ಬೇಲಿ ದಾಟಿ ಬಂದ ಬಳ್ಳಿಯೇ, ಯಾರ ಮನೆಯ ಹೂವು ನೀನು” ಎಂದು ಅದರ ಪಲ್ಲವಿ. ಬಾಗಿಲು ಭದ್ರವಾಗಿದೆ ಎಂದು ನೋಡಿಕೊಂಡು, ಅದೊಂದಕ್ಕೆ ಮಾತ್ರ ನಾನೂ ದನಿಗೂಡಿಸುತ್ತಿದ್ದೆ. ಹಾಗೆ ಮೈಮರೆತು ಹಾಡುತ್ತಿದ್ದಾಗಲೇ ಒಂದು ದಿನ ಅನಾಹುತವಾಯಿತು. ಸದ್ದು ಹೆಚ್ಚಿಸಲು ಹೋಗಿ ಕೆಂಪು ಗುಂಡಿಯನ್ನೂ ಒತ್ತಿಬಿಟ್ಟಿದ್ದೆ. ಗೊತ್ತಾಗುವಷ್ಟರಲ್ಲಿ ಒಂದು ಚರಣ ಅಳಿಸಿಹೋಗಿತ್ತು. ಹಿಂದೆ ಸುತ್ತಿ ಕೇಳಿದರೆ ಆ ಜಾಗದಲ್ಲಿ ಏನೂ ಇಲ್ಲ, ಖಾಲಿ. ಊಟ ಬಿಟ್ಟು ಅತ್ತೆ. ಆಮೇಲೆ ಅದೂ ಅಭ್ಯಾಸವಾಯಿತು. ಆ ಖಾಲಿ ಬಂದಾಗ ತಲೆ ತಗ್ಗಿಸಿ ಚರಣವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದೆ.

ಇಡೀ ಕ್ಯಾಸೆಟ್ಟಿನ ಹುಡುಗಿಗೆ ಗಂಡು ಹುಡುಕಬೇಕೇ? ಸಾಲುಗಟ್ಟಿ ಬಂದರು. ಅವರಲ್ಲಿ ನಾನು ಒಪ್ಪಿದ್ದು ಡ್ರಾಯಿಂಗ್ ಮೇಷ್ಟ್ರು ಚೆಲುವರಾಜು ಅವರನ್ನು. ಹೆಸರಿಗೆ ತಕ್ಕ ಹಾಗೆ ಚೆಲುವರೇ, ಆದರೆ ಒಂದೇ ಒಂದು ಹಾಡಿಲ್ಲ. ಊರಿನವರು ಹಿಂದಿನಿಂದ ‘ಬರಡುಗಿವಿ ಮೇಷ್ಟ್ರು’ ಎನ್ನುತ್ತಿದ್ದರು. “ಅಯ್ಯೋ, ಹೋಗ್ಲಿ ಬಿಡಮ್ಮ, ನಿನಗೇ ಇಬ್ಬರಿಗಾಗುವಷ್ಟು ಐತಲ್ಲ” ಎಂದು ಸೋದರತ್ತೆ ನನಗೆ ಸಮಾಧಾನ ಹೇಳಿದಳು. ನಿಜ ಹೇಳುತ್ತೇನೆ, ಅವರಿಗೆ ಹಾಡಿಲ್ಲದ್ದು ನನಗೆ ಹಿತವಾಗಿಯೇ ಇತ್ತು. ಮನೆಯಲ್ಲಿ ಪೈಪೋಟಿ ಇಲ್ಲವಲ್ಲ. ಮದುವೆಯಾದ ಮೇಲೆ ಬಂದ ಮೊದಲ ಭಾನುವಾರವೇ ಕ್ಯಾಸೆಟ್ಟು ಹಾಕಿ, ಮಣೆ ಎಳೆದುಕೊಂಡು, ಅವರಿಗಾಗಿ ತಾಳ ಹಾಕಿದೆ. ಅವರು ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತರು. ಆಮೇಲೆ ಅದೇ ಪದ್ಧತಿಯಾಯಿತು. ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ. “ಮಂಗಳ, ಕ್ಯಾಸೆಟ್ ಹಾಕಲ್ವಾ?” ಎಂದು ಕಾಫಿ ಲೋಟ ಹಿಡಿದು ಬಂದು ಕೂರುತ್ತಿದ್ದರು. ಏನೂ ಕೇಳಿಸದಿದ್ದರೂ ಹೆಂಡತಿಯ ಸಂತೋಷಕ್ಕೆ ಕೂರುತ್ತಾರಲ್ಲ, ದೇವರಂಥ ಮನುಷ್ಯ ಎಂದು ನಾನು ಬೀಗಿದ್ದೇ ಬೀಗಿದ್ದು. ಅನಸೂಯಳಿಗೆ ಕೇಳಿಸಲಿ ಎಂದು ಕಿಟಕಿ ತೆರೆದಿಟ್ಟು ಜೋರಾಗಿಯೇ ತಾಳ ಹಾಕುತ್ತಿದ್ದೆ.

ಮಗಳು ರಶ್ಮಿ ಮದುವೆಯಾಗಿ ಹೋದ ವರ್ಷ ನಾಲ್ಕನೇ ಹಾಡು ನಿಂತುಹೋಯಿತು. ಮೂರನೆಯದರ ಕುರ್ಚಿ ಕಿರ್ ಎಂದಿತು, ಹಾಡು ಮುಗಿಯಿತು, ಆಮೇಲೆ ಮೌನ. ಬಳ್ಳಿಯೂ ಇಲ್ಲ, ಬೇಲಿಯೂ ಇಲ್ಲ. ಟೇಪು ಕೆಟ್ಟಿರಬೇಕು ಎಂದುಕೊಂಡೆ. ಐದನೆಯದು ಸರಿಯಾಗಿಯೇ ಬಂತು. ಕೆಲವು ತಿಂಗಳಲ್ಲಿ ಅದೂ ಹೋಯಿತು. ಹಿತ್ತಲಿನ ದಾಳಿಂಬೆಯನ್ನು ಅಳಿಲು ಒಂದೊಂದೇ ತಿಂದು ಮುಗಿಸುವ ಹಾಗೆ ಯಾರೋ ನನ್ನ ಹಾಡುಗಳನ್ನು ಒಂದೊಂದಾಗಿ ಮುಗಿಸುತ್ತಿದ್ದರು. ಪಕ್ಕದೂರಿನ ಕಿವಿ ಡಾಕ್ಟರು “ಕಿವಿ ಗಟ್ಟಿಮುಟ್ಟಾಗಿದೆ” ಎಂದು ಕಳಿಸಿದರು. ಕೊನೆಗೆ ಉಳಿದದ್ದು ಮೊದಲನೇ ಹಾಡು. ಅದೂ ಹೋದ ದಿನ, ನಾನು ಮಣೆಯ ಮುಂದೆ ಕುಳಿತಿದ್ದೆ, ಅವರು ಕಾಫಿ ಹಿಡಿದು ಎದುರಿಗೆ ಕುಳಿತಿದ್ದರು, ಕಿಟಕಿಯಾಚೆ ಅನಸೂಯ ಬಟ್ಟೆ ಒಣಹಾಕುತ್ತಿದ್ದಳು. ಏನು ಮಾಡಲಿ? ತಾಳ ಹಾಕಿದೆ. ಏನೂ ಕೇಳಿಸದೆ, ನೆನಪಿನಿಂದಲೇ, ಎರಡೂ ಬದಿಗೆ ತಾಳ ಹಾಕಿದೆ. ಅವರು ಕಣ್ಣು ಮುಚ್ಚಿ ತಲೆದೂಗಿದರು. ಅಂದಿನಿಂದ ಪ್ರತಿ ಭಾನುವಾರ ಅದೇ ನಾಟಕ.

ನನ್ನ ಅನುಮಾನವೆಲ್ಲ ಅನಸೂಯಳ ಮೇಲೆಯೇ. ಕಿಟಕಿ ತೆರೆದಿಟ್ಟು ತಾಳ ಹಾಕಿದವಳು ನಾನೇ ತಾನೇ? ತಾಳದ ಜಾಡು ಹಿಡಿದು ಹಾಡನ್ನೇ ಹಿಡಿದುಬಿಟ್ಟಿದ್ದಾಳೆ ಎಂದುಕೊಂಡೆ. ಅವಳು ಬಟ್ಟೆ ಕುಕ್ಕಿದರೆ ಆ ಕುಕ್ಕುವಿಕೆಯಲ್ಲಿ ನನ್ನ ಐದನೇ ಹಾಡಿನ ಲಯ ಕೇಳಿಸುತ್ತಿತ್ತು. ಅವಳು ಸುಮ್ಮನೆ ನಕ್ಕರೂ ನನ್ನ ಮೂರನೇ ಹಾಡಿನ ಕುರ್ಚಿಗೇ ನಗುತ್ತಿದ್ದಾಳೆ ಅನ್ನಿಸುತ್ತಿತ್ತು. ಹೊಟ್ಟೆಯೊಳಗೆ ಕೆಂಡ. ಅವಳ ಪ್ರೀತಿ ಕಡಿಮೆಯಾಗಲಿ ಎಂದು ಬೇಲಿಯ ಹತ್ತಿರ ನಿಂತು ಹೇಳಿದೆ, “ಅಯ್ಯೋ, ಈಗೀಗ ಆ ಕ್ಯಾಸೆಟ್ಟು ಹಳಸಲು ಅನ್ನಿಸ್ತದೆ ಕಣೇ ಅನಸೂಯ. ಏನೂ ಸಾರ ಇಲ್ಲ.”

ಅವಳು ಒದ್ದೆ ಸೀರೆ ಹಿಂಡುತ್ತಾ ನಿಂತಳು. “ಹಂಗಾದ್ರೆ ನನಗೇ ಕೊಟ್ಬಿಡೇ. ನಿನ್ನ ಮನೆಯಲ್ಲಿ ಕೊಳೆಯೋ ಬದಲು.”

ಸಾಕಲ್ಲ, ಇನ್ನೇನು ಸಾಕ್ಷಿ ಬೇಕು? ಅವಳನ್ನು ಮೀರಿಸುವುದೊಂದೇ ದಾರಿ ಎಂದು ಹಟ ಹಿಡಿದು ಪ್ರೀತಿಸಲು ಶುರುಮಾಡಿದೆ. ಶುಕ್ರವಾರ ಒಪ್ಪೊತ್ತು ಮಾಡಿದೆ. ಕ್ಯಾಸೆಟ್ಟನ್ನು ದೇವರ ಮುಂದಿಟ್ಟು ಹೂ ಏರಿಸಿದೆ. ಎದೆಗವಚಿಕೊಂಡು ಮಲಗಿದೆ. ನನ್ನ ಗಂಡ ನೋಡಿ, “ಏನೇ ಇದು, ಮಗು ಥರ” ಎಂದರು. ನಿಮಗೇನು ಗೊತ್ತು, ಬರಡುಗಿವಿಯವರಿಗೆ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಏನು ಮಾಡಿದರೂ ಟೇಪು ಬಾಯಿ ಬಿಡಲಿಲ್ಲ.

ಇಂಥ ಸಮಯದಲ್ಲಿ ರಶ್ಮಿಯ ಸೀಮಂತ ಬಂತು. ಬೀದಿಯ ಹೆಂಗಸರೆಲ್ಲ ಬರುವವರು, ಅನಸೂಯಳೂ ಬರುವವಳು. ನಾನೊಂದು ಉಪಾಯ ಮಾಡಿದೆ. ಹಣ್ಣಿನ ಬುಟ್ಟಿಗಳ ಹಿಂದೆ ಟೇಪ್ ರೆಕಾರ್ಡರನ್ನು ಬಚ್ಚಿಟ್ಟೆ. ಯಾರಿಗೂ ಹೇಳದೆ ಹಾಕಿಬಿಟ್ಟರೆ ಕೇಳಿಸುವುದು ಕಳ್ಳಿಗೊಬ್ಬಳಿಗೇ ತಾನೇ? ಎಷ್ಟೇ ಬಿಗಿಹಿಡಿದರೂ ಮುಖ ಹೇಳಿಬಿಡುತ್ತದೆ. ಹಾಡು ಕೇಳುವ ಮುಖವನ್ನು ನಮ್ಮ ಊರಿನವರು ಕತ್ತಲಲ್ಲೂ ಗುರುತಿಸುತ್ತಾರೆ. ಎಲೆ ಹಾಕಿ ಬಡಿಸಲು ಶುರುವಾದಾಗ ನಾನು ಹೋಗಿ ಗುಂಡಿ ಒತ್ತಿ ಬಂದೆ. ಚಕ್ರ ತಿರುಗಿತು. ಅನಸೂಯಳ ಎದುರಿಗೇ ನಿಂತು, ಟೇಪಿನ ಜೊತೆಜೊತೆಗೇ ಮನಸ್ಸಿನಲ್ಲಿ ಹಾಡಿಕೊಳ್ಳುತ್ತಾ, ಅವಳ ಮುಖವನ್ನೇ ನೋಡಿದೆ. ಮೊದಲನೇ ಹಾಡು ಹೋಯಿತು. ಅವಳು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ಎರಡನೆಯದರ ಉಸಿರು ಬಂತು, ಹೋಯಿತು. ಅವಳು ಇನ್ನೊಂದು ಹೋಳಿಗೆ ಕೇಳಿದಳು. ಮೂರನೆಯದರ ಕುರ್ಚಿಗೆ ಅವಳು ಕೋಸಂಬರಿಯಲ್ಲಿ ಉಪ್ಪು ಕಡಿಮೆ ಎಂದಳು. ಆ ಮುಖದಲ್ಲಿ ಹೋಳಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಇವಳಲ್ಲ ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾಗಾದರೆ ಯಾರು?

ಆಗ ನನ್ನ ಗಂಡ ಪಾಯಸದ ಪಾತ್ರೆ ಹಿಡಿದು ಆ ಸಾಲಿಗೆ ಬಂದರು. ಬಗ್ಗಿ ಅನಸೂಯಳ ಎಲೆಗೆ ಸೌಟು ಚಾಚಿದವರು ಹಾಗೇ ನಿಂತುಬಿಟ್ಟರು. ಪಾಯಸ ಸೌಟಿನಿಂದ ತೊಟ್ಟಿಕ್ಕಿ ಅವಳ ಸೀರೆಯ ಮೇಲೆ ಬೀಳುತ್ತಿತ್ತು. “ಏನ್ ಮೇಷ್ಟ್ರೇ, ಎಲೆ ಇಲ್ಲೈತೆ!” ಎಂದು ಅವಳು ಕೂಗಿದಳು. ಅವರಿಗೆ ಅದು ಕೇಳಿಸಲೇ ಇಲ್ಲ. ಅವರ ತುಟಿಯ ಅಂಚಿನಲ್ಲಿ ಒಂದು ನಗೆ ಬಂದು ನಿಂತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಆ ನಗೆಯನ್ನು ಅವರು ನನ್ನ ಮುಖ ನೋಡಿ ನಕ್ಕದ್ದು ನನಗೆ ನೆನಪಿಲ್ಲ. ಕಳ್ಳ ಮನೆಯೊಳಗೇ ಇದ್ದ. ಅಷ್ಟೇ ಆಗಿದ್ದರೆ ಸರಿ ಎನ್ನಬಹುದಿತ್ತು, ಆದರೆ ನನ್ನ ಮನಸ್ಸಿನ ಹಾಡು ಆಗ ಬಂದು ನಿಂತಿದ್ದದ್ದು ನಾಲ್ಕನೆಯದರ ನಡುವೆ, ಆ ಅಳಿಸಿಹೋದ ಚರಣದಲ್ಲಿ. ಖಾಲಿ ಜಾಗಕ್ಕೆ ನಗುವ ಕಿವಿ ಎಲ್ಲಾದರೂ ಉಂಟೇ?

ನೆಂಟರು ಹೋಗುವವರೆಗೆ ಹೇಗೆ ತಡೆದುಕೊಂಡೆನೋ. ಹಿತ್ತಲಿನಲ್ಲಿ ಅವರು ಪಾಯಸದ ಪಾತ್ರೆ ತಿಕ್ಕಲು ಕುಳಿತಾಗ ಎದುರಿಗೆ ಹೋಗಿ ನಿಂತೆ.

“ಎಷ್ಟು ದಿನದಿಂದ?”

“ಏನು?”

“ಏನು ಅಂತ ನನ್ನನ್ನೇ ಕೇಳ್ಬೇಡಿ. ನಿಮ್ಮ ಮುಖ ನೋಡಿದೀನಿ. ಅನಸೂಯನ ಸೀರೆ ನೋಡಿದೀನಿ. ಎಷ್ಟು ದಿನದಿಂದ ಕೇಳಿಸ್ತಿದೆ?”

ಅವರು ಕೈಯಲ್ಲಿದ್ದ ನಾರು ಕೆಳಗಿಟ್ಟರು. “ನಮ್ಮ ಮೊದಲ ಭಾನುವಾರದಿಂದ.”

“ಸುಳ್ಳು! ಆಗ ಪೂರ್ತಿ ಕ್ಯಾಸೆಟ್ಟು ನನಗೇ ಕೇಳಿಸ್ತಿತ್ತು.”

“ಪೂರ್ತಿ ಅಲ್ಲ ಮಂಗಳ. ನಾಲ್ಕನೇ ಹಾಡಲ್ಲಿ ಒಂದು ಚೂರು ನಿನಗೆ ಕೇಳಿಸ್ತಿರಲಿಲ್ಲ. ಅಲ್ಲಿ ನೀನು ಯಾವಾಗಲೂ ಮುಖ ಸಣ್ಣ ಮಾಡ್ಕೊಂಡು ಕೂತಿರ್ತಿದ್ದೆ.”

“ಅದು ಅಳಿಸಿಹೋಗಿರೋ ಜಾಗ. ಅಲ್ಲಿ ಏನೂ ಇಲ್ಲ.”

“ಅಲ್ಲಿ ಒಬ್ಬಳು ಹುಡುಗಿ ಹಾಡ್ತಾಳೆ.”

ಎದೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಇಷ್ಟು ವರ್ಷ, ನನ್ನದೇ ಕ್ಯಾಸೆಟ್ಟಿನಲ್ಲಿ, ನನ್ನದೇ ಮಣೆಯ ಮುಂದೆ ಕುಳಿತು, ಇವರು ಇನ್ನೊಬ್ಬಳನ್ನು ಕೇಳುತ್ತಿದ್ದರೇ? ಕಣ್ಣು ಮುಚ್ಚಿ? ನಾನು ಕಾಸಿ ಕೊಟ್ಟ ಕಾಫಿ ಕುಡಿಯುತ್ತಾ? “ಯಾವಳವಳು?” ಎಂದು ನಾನು ಕೂಗಿದ್ದು ಬೇಲಿಯಾಚೆಗೂ ಕೇಳಿಸಿರಬೇಕು.

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. “ನೀನೇ ಕಣೇ” ಎಂದರು.

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಕೆಂಪು ಗುಂಡಿ ಚರಣವನ್ನು ಅಳಿಸಿತ್ತು ನಿಜ. ಅಳಿಸುವಾಗ ಅಕ್ಕಿ ಕೋಣೆಯಲ್ಲಿ ಹಾಡುತ್ತಿದ್ದ ನನ್ನ ದನಿಯನ್ನು ಆ ಜಾಗಕ್ಕೆ ತುಂಬಿಕೊಂಡಿತ್ತು. ನನ್ನ ದನಿಯನ್ನು ನಾನು ಯಾವತ್ತು ಮೆಚ್ಚಿದ್ದೆ, ನನಗೆ ಕೇಳಿಸಲು? ಗಾಯಕಿಯ ಮುಂದೆ ನನ್ನದೊಂದು ದನಿಯೇ ಎಂದಿದ್ದವಳು ನಾನು. ಅದನ್ನು ಮೆಚ್ಚುವವರು ಊರಿನಲ್ಲಿ ಯಾರೂ ಇರಲಿಲ್ಲ, ಹಾಡೇ ಇಲ್ಲದ ಡ್ರಾಯಿಂಗ್ ಮೇಷ್ಟ್ರು ಬಂದು ಗೋಡೆಗೊರಗಿ ಕೂರುವವರೆಗೆ.

“ಮೊದಲು ಅದೊಂದೇ ಚೂರು ಕೇಳಿಸ್ತಿದ್ದದ್ದು” ಎಂದು ಅವರು ಮೆಲ್ಲಗೆ ಹೇಳಿದರು. “ಅದಕ್ಕೆ ಕಾಯ್ತಾ ಕೂತಿರ್ತಿದ್ದೆ. ಹಿಂದೆ ಮುಂದೆ ಬರೀ ನಿನ್ನ ತಾಳ. ಕಾದು ಕಾದು, ಆಮೇಲೆ ಅದರ ಸುತ್ತಮುತ್ತಲಿನದ್ದೂ ಒಂದೊಂದೇ ಕೇಳಿಸೋಕೆ ಶುರುವಾಯ್ತು. ನಿನ್ನದನ್ನ ಕಿತ್ಕೋಬೇಕು ಅಂತ ಇರಲಿಲ್ಲ ಮಂಗಳ. ನಿನಗೆ ಕೇಳಿಸ್ತಿಲ್ಲ ಅನ್ನೋದು ನಿನ್ನ ತಾಳದಲ್ಲೇ ಗೊತ್ತಾಗ್ತಿತ್ತು. ಆರನೇ ಹಾಡಿನಲ್ಲಿ ನಿನ್ನ ತಾಳ ಓಡ್ತಿತ್ತು.”

“ಗೊತ್ತಿದ್ದೂ ತಲೆದೂಗ್ತಿದ್ರಾ?”

“ನಿನ್ನ ತಾಳಕ್ಕೆ ತಕ್ಕಂತೆ ದೂಗ್ತಿದ್ದೆ.”

“ಮೊದಲೇ ಯಾಕೆ ಹೇಳಲಿಲ್ಲ? ಆ ಚೂರಿನ ವಿಷಯ?”

ಅವರು ಪಾತ್ರೆಯ ಕಂಠವನ್ನು ಬೆರಳಿನಿಂದ ಸವರುತ್ತಾ ಕುಳಿತರು. “ಹೇಳಿದ್ರೆ ನೀನು ಅದನ್ನೂ ಮೆಚ್ಕೊಂಡು ವಾಪಸ್ ತಗೊಂಡುಬಿಡ್ತಿದ್ದೆ. ನಿನಗೆ ಅಷ್ಟೊಂದಿತ್ತು. ನನಗೆ ಇದ್ದಿದ್ದು ಅದೊಂದೇ.”

ಏನು ಹೇಳಬೇಕೋ ತಿಳಿಯದಿದ್ದಾಗ ಜಗಳಕ್ಕೇ ಬೀಳುವುದು ನನ್ನ ಸ್ವಭಾವ. “ಯಾರ ದನಿ ಚೆನ್ನಾಗಿದೆ, ಗಾಯಕಿಯದಾ, ಅವಳದಾ?” ಎಂದು ಕೇಳಿದೆ. ಮೇಷ್ಟ್ರಿಗೆ ಸುಳ್ಳು ಹೇಳಲು ಬಂದಿದ್ದರೆ ನಮ್ಮ ಸಂಸಾರ ಇನ್ನೂ ಸುಖವಾಗಿರುತ್ತಿತ್ತು. ಅವರು ಯೋಚಿಸಿ, “ದನಿ ಗಾಯಕಿಯದೇ” ಎಂದರು. “ಆ ಹುಡುಗಿಗೆ ಶ್ರುತಿ ಇಲ್ಲ. ಎರಡು ಕಡೆ ಸಾಹಿತ್ಯಾನೂ ತಪ್ಪು. ಆದರೆ ಜಗತ್ತಲ್ಲಿ ಯಾರೂ ಕೇಳಿಸ್ಕೋತಿಲ್ಲ ಅನ್ನೋ ಹಾಗೆ ಹಾಡ್ತಾಳೆ. ಕೊನೆಗೆ ಒಂದು ಸಲ ನಗ್ತಾಳೆ.”

“ಯಾಕೆ ನಗ್ತಾಳೆ?”

“ಅದನ್ನ ನಿನ್ನನ್ನೇ ಕೇಳ್ಬೇಕು ಅಂತ ಇಷ್ಟು ವರ್ಷದಿಂದ ಅಂದ್ಕೊಂಡಿದ್ದೆ.”

ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಆ ಕೋಣೆ ನೆನಪಿದೆ, ಮೂಟೆಯ ಗೋಣಿ ತೊಡೆಗೆ ಚುಚ್ಚುತ್ತಿದ್ದದ್ದು ನೆನಪಿದೆ, ಅತ್ತದ್ದು ನೆನಪಿದೆ. ನಕ್ಕದ್ದು ಮಾತ್ರ ಅವಳಿಗೇ ಗೊತ್ತು. ಒಮ್ಮೆ ಅವರಿಂದಲೇ ಹಾಡಿಸಲು ನೋಡಿದೆ. ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಎರಡು ಸಾಲು ಹಾಡಿದರು. ಮನೆಯ ಬೆಕ್ಕು ಎದ್ದುಹೋಯಿತು. ನಗುವನ್ನು ತೋರಿಸಿ ಎಂದರೆ, “ಅದು ನನಗೆ ಬರಲ್ಲ” ಎಂದುಬಿಟ್ಟರು.

ಈಗ ನಮ್ಮ ಮನೆಯಲ್ಲಿ ತಾಳ ಅವರದ್ದು. ಅನಸೂಯ ಬೇಲಿಯ ಮೇಲಿಂದ ಕತ್ತು ಚಾಚಿ, “ಏನೇ ಮಂಗಳ, ಮಣೆ ಮೇಷ್ಟ್ರ ಕೈಗೆ ಹೋಯ್ತಾ?” ಎಂದು ಕೇಳಿದಳು. “ಹೌದು, ಇಡೀ ಕ್ಯಾಸೆಟ್ಟೇ ಹೋಯ್ತು, ನಿನಗೇನು ಹೊಟ್ಟೆಕಿಚ್ಚೇ?” ಎಂದೆ. ಅವಳ ಮೇಲೆ ನನಗೆ ಈಗ ಯಾವ ಸಿಟ್ಟೂ ಇಲ್ಲ, ಪಾಪ. ಸೀರೆಯ ಮೇಲಿನ ಪಾಯಸದ ಕಲೆಯೂ ಹೋಗಿಲ್ಲವಂತೆ. ನನ್ನ ಕೆಂಡವೆಲ್ಲ ಈಗ ಬೇರೆ ಕಡೆಗೆ ತಿರುಗಿದೆ. ಆ ಹುಡುಗಿಗೆ ನನ್ನ ಮಂಡಿ ನೋವಿಲ್ಲ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುವುದಿಲ್ಲ, ಉಪ್ಪು ಹೆಚ್ಚಾಯಿತೆಂದು ಬೈಸಿಕೊಂಡಿಲ್ಲ. ಒಂದು ಚರಣ ಹಾಡಿ, ನಕ್ಕು, ನನ್ನ ಗಂಡನ ಇಡೀ ಭಾನುವಾರವನ್ನು ಹೊಡೆದುಕೊಂಡು ಹೋಗುತ್ತಾಳೆ. ಅವಳನ್ನು ಕಂಡರೆ ನನಗೆ ಆಗುವುದಿಲ್ಲ. ಅವಳನ್ನು ಮೆಚ್ಚಿಕೊಂಡರೆ ನನಗೂ ಕೇಳಿಸಬಹುದು ಎಂದು ರಶ್ಮಿ ಹೇಳುತ್ತಾಳೆ. ಗೊತ್ತು. ಆದರೆ ನನಗೆ ಕೇಳಿಸಿದ ದಿನ ಅವರಿಗೆ ಕೇಳಿಸುವುದು ನಿಲ್ಲುತ್ತದೆ. ಆಮೇಲೆ ಆ ನಗೆ ಅವರ ಮುಖಕ್ಕೆ ಎಲ್ಲಿಂದ ಬರಬೇಕು?

ಆದ್ದರಿಂದ ನಾನು ಮೆಚ್ಚುವ ಗೊಡವೆಗೇ ಹೋಗಿಲ್ಲ. ಭಾನುವಾರ ಕ್ಯಾಸೆಟ್ಟು ಹಾಕಿ, ಮೊರದಲ್ಲಿ ಅವರೆಕಾಯಿ ಹರಡಿಕೊಂಡು, ಅವರ ಎದುರಿಗೆ ಕೂರುತ್ತೇನೆ. ತಾಳ ಬೀಳುತ್ತಾ ಬೀಳುತ್ತಾ ಒಂದು ಕಡೆ ಅವರ ಕೈ ಮಣೆಯ ಮೇಲೆ ಹಾಗೇ ನಿಲ್ಲುತ್ತದೆ, ತುಟಿಯ ಅಂಚು ಸಡಿಲಾಗುತ್ತದೆ. ನಾನು ತಲೆ ಎತ್ತದೆ ಕೇಳುತ್ತೇನೆ, “ನಕ್ಕಳಾ?”

“ನಕ್ಕಳು” ಎನ್ನುತ್ತಾರೆ.

ಮಿಟುಕಲಾಡಿ ಎಂದು ಬೈದುಕೊಂಡು ಇನ್ನೊಂದು ಅವರೆಕಾಯಿ ಕೈಗೆತ್ತಿಕೊಳ್ಳುತ್ತೇನೆ.